ಮೂರು ಸೂತಿನ ಸುಳ್ಳು

ಶ್ರೀನಿವಾಸಪುರದ ಮಿಡ್ಲ್ ಸ್ಕೂಲಿಗೆ ಡ್ರಾಯಿಂಗ್ ಮೇಷ್ಟ್ರಾಗಿ ಬಂದಾಗ ನನಗೆ ಇಪ್ಪತ್ತನಾಲ್ಕು ವರ್ಷ. ಮೂವತ್ತರ ದಶಕ ಅರ್ಧ ಕಳೆದಿತ್ತು. ಬಂದ ವರ್ಷವೇ ಊರಿನವರಿಗೆ ನನ್ನ ಗುರುತು ಹತ್ತಿದ್ದು ಒಂದು ರೈಲಿನಿಂದ. ಕೋಲಾರದಿಂದ ನಮ್ಮೂರಿನ ಮೇಲೆ ಚಿಂತಾಮಣಿ ಕಡೆಗೆ ಹೋಗುವ ಸಣ್ಣ ರೈಲಿನ ಇಂಜಿನ್ನನ್ನೂ ಅದರ ಹಿಂದಿನ ಎರಡು ಡಬ್ಬಿಗಳನ್ನೂ ಮರ ಮತ್ತು ತಗಡಿನಲ್ಲಿ ಮಾಡಿ ಶಾಲೆಯ ಮೇಜಿನ ಮೇಲಿಟ್ಟಿದ್ದೆ. ಅಳತೆ ಅಡಿಗೆ ಅರ್ಧ ಅಂಗುಲ, ಅಂದರೆ ನಿಜವಾದ ಇಂಜಿನ್ನಿನ ಇಪ್ಪತ್ತನಾಲ್ಕನೇ ಒಂದು ಪಾಲು. ಆ ರೈಲಿನ ಎರಡು ಹಳಿಗಳ ನಡುವೆ ಎರಡೂವರೆ ಅಡಿ ಅಂತರ. ನನ್ನ ಅಳತೆಯಲ್ಲಿ ಅದು ಒಂದೂಕಾಲು ಅಂಗುಲವಾಯಿತು. ಬೆಂಗಳೂರಿನ ಅಂಗಡಿಗಳಲ್ಲಿ ಮಾರುತ್ತಿದ್ದ ಆಟದ ರೈಲಿನ ಹಳಿಯೂ ಅಷ್ಟೇ ಅಗಲ. ಇದು ಗೊತ್ತಾದ ದಿನ ನಾನು ಹುಚ್ಚನ ಹಾಗೆ ಕುಣಿದಿದ್ದೆ. ಸ್ಟೇಷನ್ ಮಾಸ್ತರರು ಬಂದು ನೋಡಿ, ಇಂಜಿನ್ನಿನ ಮುಂದೆ ತಲೆ ಬಗ್ಗಿಸಿ, "ಹೊಗೆ ಒಂದು ಬರ್ಬೇಕು ಅಷ್ಟೆ" ಎಂದಿದ್ದರು.

ಅಳತೆ ಆರಿಸುವುದೇ ಈ ಕೆಲಸದ ಅರ್ಧ ಸುಖ. ನಮ್ಮ ಅಡಿಗೆ ಹನ್ನೆರಡು ಅಂಗುಲ ಇರುವುದರಿಂದ ಮಾದರಿ ಮಾಡುವವರ ಲೆಕ್ಕವೆಲ್ಲ ಹನ್ನೆರಡು, ಇಪ್ಪತ್ತನಾಲ್ಕು, ನಲವತ್ತೆಂಟರ ಸುತ್ತಲೇ ಸುತ್ತುತ್ತದೆ. ಒಂದು ಕುರ್ಚಿ, ಒಂದು ಬಾಗಿಲು ಮಾಡುವುದಾದರೆ ಅಡಿಗೆ ಒಂದಂಗುಲ ಚೆನ್ನ. ಬಾಗಿಲಿನ ಚಿಲಕವನ್ನೂ ಕೆತ್ತಬಹುದು. ಗಾಡಿಗೆ, ರೈಲಿಗೆ ಅರ್ಧ ಅಂಗುಲ. ಇಡೀ ಮನೆಗೆ ಕಾಲು ಅಂಗುಲ. ಒಂದು ಬೀದಿಯನ್ನೇ ಮಾಡಬೇಕೆಂದರೆ ಅರೆಕಾಲು, ಅಂದರೆ ಅಂಗುಲದ ಎಂಟನೇ ಒಂದು ಭಾಗ. ಅದಕ್ಕಿಂತ ಕೆಳಗೆ ಇಳಿದರೆ ಮನುಷ್ಯ ಎಳ್ಳುಕಾಳಾಗಿ ಹೋಗುತ್ತಾನೆ.

ಅಂಗುಲದ ಎಂಟನೇ ಭಾಗವನ್ನು ನಮ್ಮ ಕಡೆಯ ಬಡಗಿಗಳು ಒಂದು ಸೂತು ಅನ್ನುತ್ತಿದ್ದರು. ಆ ಮಾತು ನನಗೆ ಕಲಿಸಿದವರು ಸಂತೆ ಬೀದಿಯ ಹಿಂದೆ ಗಾಡಿಚಕ್ರ, ಬಾಗಿಲು, ನೇಗಿಲು ಮಾಡುತ್ತಿದ್ದ ಒಬ್ಬ ವಯಸ್ಸಾದ ಸಾಬರು. ಅವರ ಅಜ್ಜನ ಅಜ್ಜನ ಕಾಲದಿಂದಲೂ ಆ ಮನೆಯವರದು ಅದೇ ಕಸುಬು. ನಾನು ಅವರನ್ನು ಉಸ್ತಾದ್ ಎಂದು ಕರೆಯುತ್ತಿದ್ದೆ. ಮನೆಯಲ್ಲಿ ದಖ್ಖನಿ, ನನ್ನ ಜೊತೆ ಕನ್ನಡ, ರೈತರ ಜೊತೆ ತೆಲುಗು. ಮೂರು ಭಾಷೆಯಲ್ಲೂ ಅವರು ಕಡಿಮೆಯೇ ಮಾತಾಡುತ್ತಿದ್ದರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾನು ಅವರ ಕೊಟ್ಟಿಗೆಯಲ್ಲಿ ಒಂದು ಮೂಲೆ ಹಿಡಿದು ಕೂತರೆ ಕತ್ತಲಾಗುವವರೆಗೂ ಏಳುತ್ತಿರಲಿಲ್ಲ.

ಇನ್ನು ನನ್ನ ಗೆಳೆಯನ ವಿಷಯ. ಬೆಂಗಳೂರಿನಲ್ಲಿ ಓದುವಾಗ ಅವನೂ ನಾನೂ ಮೂರು ವರ್ಷ ಒಂದೇ ಕೋಣೆಯಲ್ಲಿ ಇದ್ದವರು. ಇಬ್ಬರಿಗೂ ಸೇರಿ ಕೈವಾರದ ಪೆಟ್ಟಿಗೆ ಒಂದೇ. ಅವನು ಬೆಳಗ್ಗೆ ತೆಗೆದುಕೊಂಡು ಹೋದರೆ ನಾನು ಮಧ್ಯಾಹ್ನ ಅವನ ಕಾಲೇಜಿನ ಬಾಗಿಲಲ್ಲಿ ನಿಂತು ಇಸಿದುಕೊಳ್ಳುತ್ತಿದ್ದೆ. ನನ್ನ ತಾಯಿ ತೀರಿಕೊಂಡಾಗ ನನ್ನ ಜೊತೆ ಮುಳಬಾಗಿಲಿನ ನಮ್ಮ ಮನೆಗೆ ಬಂದು, ಹದಿಮೂರು ದಿನವೂ ಇದ್ದು, ನೀರು ಸೇದಿ, ಬಂದವರಿಗೆ ಎಲೆ ಹಾಕಿದವನು ಅವನು. ಅವನ ಅಕ್ಷರ ನನ್ನ ಅಕ್ಷರದಷ್ಟೇ ನನಗೆ ಪರಿಚಯ. ಏಳರ ಅಂಕಿಯ ನಡುವೆ ಅಡ್ಡಗೆರೆ ಎಳೆಯುತ್ತಿದ್ದ. ಓದು ಮುಗಿಸಿ ಓವರ್ಸಿಯರ್ ಆಗಿ, ಒಂದೆರಡು ಊರು ತಿರುಗಿ, ಕೊನೆಗೆ ಕೋಲಾರಕ್ಕೆ ಬಂದ. ಆಗ ನಮ್ಮಿಬ್ಬರಿಗೂ ಹಬ್ಬ.

ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಒಂದು ಭಾನುವಾರ ಅವನು ಸಣ್ಣ ರೈಲಿನಲ್ಲಿ ನಮ್ಮ ಮನೆಗೆ ಬಂದ. ಕಂಕುಳಲ್ಲಿ ನಕಾಶೆಗಳ ಸುರುಳಿ. ನನ್ನ ಹೆಂಡತಿ ಕೊಟ್ಟ ಉಪ್ಪಿಟ್ಟು ತಿನ್ನುತ್ತಲೇ ಹೇಳಿದ:

"ನಿನ್ನಿಂದ ಒಂದು ಕೆಲ್ಸ ಆಗ್ಬೇಕು ಕಣೋ. ಇಲ್ಲೇ ಆರು ಮೈಲಿ ದೂರದಲ್ಲಿ ಒಂದು ಕೆರೆ ಇದೆ. ಅದರ ಏರಿ, ಕೋಡಿ ಎರಡನ್ನೂ ನಾಲ್ಕು ಅಡಿ ಎತ್ತರಿಸ್ಬೇಕು. ಕೆಳಗಿನ ಊರಿನವರು ಯಾವತ್ತೋ ಒಪ್ಪಿದಾರೆ. ಮೇಲುಗಡೆ ಊರಿನವರದ್ದೇ ತಕರಾರು. ನಮ್ಮ ಹೊಲ ಮುಳುಗುತ್ತೆ ಅಂತಾರೆ. ನಕಾಶೆ ತೋರಿಸಿದ್ರೆ ಕಾಗದ ಯಾರಿಗ್ಬೇಕು ಅಂತಾರೆ."

"ಮುಳುಗಲ್ವಾ?"

"ಇಲ್ಲ ಕಣೋ. ಮಟ್ಟ ತಗೊಂಡಿರೋನು ನಾನೇ. ನೀನು ಆ ರೈಲು ಮಾಡಿದ ಹಾಗೆ ಕೆರೇನೂ ಊರನ್ನೂ ಮಾಡಿಕೊಡು. ಅವರ ಕಣ್ಣೆದುರಿಗೇ ನೀರು ಹುಯ್ದು ತೋರಿಸೋಣ."

ಇಂಥ ಕೆಲಸ ನನಗೆ ಯಾರೂ ಕೊಟ್ಟಿರಲಿಲ್ಲ. ಅವತ್ತೇ ಒಪ್ಪಿಕೊಂಡೆ.

ಅಳತೆ ಗೊತ್ತುಮಾಡುವುದೇ ಕಷ್ಟವಾಯಿತು. ಉದ್ದಗಲಕ್ಕೆ ಐವತ್ತು ಅಡಿಗೆ ಒಂದಂಗುಲ ಹಿಡಿದರೆ ಇಡೀ ಜಾಗ ಐದಡಿ ಉದ್ದದ ಹಲಗೆಯಲ್ಲಿ ಕೂರುತ್ತಿತ್ತು. ಎತ್ತರಕ್ಕೂ ಅದೇ ಹಿಡಿದರೆ ನಾಲ್ಕು ಅಡಿ ನೀರು ಒಂದು ಸೂತಿಗಿಂತ ಕಡಿಮೆ. ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಎತ್ತರಕ್ಕೆ ಬೇರೆ ಅಳತೆ ಇಟ್ಟೆ: ಒಂದು ಅಡಿಗೆ ಒಂದು ಸೂತು. ಹೀಗೆ ಮಾಡಿದರೆ ದಿಣ್ಣೆಗಳೆಲ್ಲ ನಿಜಕ್ಕಿಂತ ಕಡಿದಾಗಿ ಕಾಣುತ್ತವೆ. ಆದರೆ ಯಾವುದು ಮೇಲೆ, ಯಾವುದು ಕೆಳಗೆ ಎನ್ನುವುದು ಬದಲಾಗುವುದಿಲ್ಲ. ಇದನ್ನು ಹಳ್ಳಿಯವರಿಗೆ ಮೊದಲೇ ಬಿಡಿಸಿ ಹೇಳಬೇಕು ಎಂದು ಗೆಳೆಯನಿಗೆ ಹೇಳಿದೆ. "ನೀನೇ ಹೇಳು. ನೀನು ಹೇಳಿದ್ರೆ ಚೆನ್ನಾಗಿರುತ್ತೆ" ಎಂದ.

ಉಸ್ತಾದರು ಒಂದು ಸೂತು ದಪ್ಪದ ಹಲಗೆಗಳನ್ನು ತೋಪಡ ಹೊಡೆದು ನಯಮಾಡಿ ಕೊಟ್ಟರು. ಗೆಳೆಯ ಬರೆದುಕೊಟ್ಟ ಮಟ್ಟದ ಅಂಕಿಗಳನ್ನು ನೋಡಿಕೊಂಡು ಒಂದೊಂದು ಅಡಿ ಎತ್ತರಕ್ಕೆ ಒಂದೊಂದು ಹಲಗೆ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಮೇಲೆ ಗಾರೆ ಸವರಿ, ನೀರು ಹೀರದಂತೆ ಮೇಣ ಹಚ್ಚಿದೆವು. ಶಿವಾರಪಟ್ಟಣಕ್ಕೆ ಹೋಗಿ ವಿಗ್ರಹ ಕೆತ್ತುವವರ ಮನೆಯ ಅಂಗಳದಲ್ಲಿ ಬಿದ್ದಿದ್ದ ಮೆತ್ತನೆ ಕಲ್ಲಿನ ಚೂರುಗಳನ್ನು ಕೇಳಿ ತಂದು ಮನೆಗಳನ್ನು ಕೊರೆದೆ. ಗರಗಸದ ಹೊಟ್ಟಿಗೆ ಹಸಿರು ಬಣ್ಣ ಕಟ್ಟಿದರೆ ರಾಗಿ ಹೊಲ. ಮೇಲುಗಡೆ ಊರಿಗೆ ನಾನು ಹೋಗಿದ್ದು ಒಂದೇ ಸಲ, ಮನೆ ಮರಗಳನ್ನು ಎಣಿಸಿಕೊಂಡು ಬರುವುದಕ್ಕೆ. ಕೆರೆಯಂಚಿನ ಹೊಲಗಳಲ್ಲಿ ರಾಗಿ ಸೊಂಟದವರೆಗೆ ಬೆಳೆದಿತ್ತು. ಅದರ ಕೆಳಗಿನ ನೆಲ ಹೇಗಿದೆ ಎಂದು ನಾನು ನೋಡಲಿಲ್ಲ. ಅಂಕಿಗಳು ನನ್ನ ಜೇಬಿನಲ್ಲಿದ್ದವು.

ಒಂದು ಜಾಗದಲ್ಲಿ ಮಾತ್ರ ಕೈ ತಡೆಯಿತು. ಊರಿಗೂ ಕೆರೆಗೂ ನಡುವಿನ ಹನ್ನೊಂದು ಹೊಲಗಳ ಒಂದು ಪಟ್ಟಿ ಅಕ್ಕಪಕ್ಕದ ನೆಲಕ್ಕಿಂತ ಮೂರು ಹಲಗೆ ಮೇಲಕ್ಕೆದ್ದು ಜಗಲಿಯ ಹಾಗೆ ಕಾಣುತ್ತಿತ್ತು. ಗೆಳೆಯನಿಗೆ ಕಾಗದ ಬರೆದು ಕೇಳಿದೆ. "ಅಲ್ಲಿ ಹಳೆಯ ದೊಡ್ಡ ಬದು ಇದೆ, ಅಂಕಿ ಸರಿಯಾಗಿದೆ, ಹಾಗೇ ಮಾಡು" ಎಂದು ಮರುಟಪಾಲಿನಲ್ಲಿ ಉತ್ತರ ಬಂತು. ಹಾಗೇ ಮಾಡಿದೆ.

ಮಾದರಿಯನ್ನು ಹುಲ್ಲು ಹಾಸಿದ ಗಾಡಿಯಲ್ಲಿ ಆ ಊರಿಗೆ ಸಾಗಿಸಿ ಅಶ್ವತ್ಥಕಟ್ಟೆಯ ಮೇಲೆ ಇಟ್ಟೆವು. ಊರಿಗೆ ಊರೇ ಬಂದಿತ್ತು. ತಮ್ಮ ತಮ್ಮ ಮನೆ ಹುಡುಕುವುದರಲ್ಲೇ ಅರ್ಧ ಗಂಟೆ ಕಳೆಯಿತು. "ಇದೇ ನೋಡ್ಲಾ ನಿಮ್ ಕೊಟ್ಟಿಗೆ!" ಎಂದು ಒಬ್ಬರಿಗೊಬ್ಬರು ತೋರಿಸಿಕೊಂಡು ನಕ್ಕರು. ಸೂತಿನ ಲೆಕ್ಕವನ್ನು ನಾನು ಕನ್ನಡದಲ್ಲೂ ಉಸ್ತಾದರು ತೆಲುಗಿನಲ್ಲೂ ಬಿಡಿಸಿ ಹೇಳಿದೆವು. ಆಮೇಲೆ ಗೆಳೆಯ ಒಂದು ಚೊಂಬಿನಿಂದ ನಿಧಾನವಾಗಿ ನೀರು ಹುಯ್ದ. ನೀರು ಹಳೆಯ ಕೋಡಿಯ ಗುರುತನ್ನು ದಾಟಿ ಹೊಸ ಕೋಡಿಯವರೆಗೆ ಏರಿ ನಿಂತಿತು. ಹನ್ನೊಂದು ಹೊಲಗಳಿಗೂ ನೀರು ತಾಕಲಿಲ್ಲ.

ಆಗ ಒಬ್ಬ ಮುದುಕಿ ಮುಂದೆ ಬಂದಳು. ಗಂಡನಿಲ್ಲದ ಹೆಂಗಸು, ಆ ಪಟ್ಟಿಯಲ್ಲಿ ಎರಡು ಹೊಲ ಅವಳದು, ತಾನೇ ಮಾಡಿಸಿಕೊಂಡು ಬರುತ್ತಿದ್ದವಳು. ಬಗ್ಗಿ ನೋಡಿ, ಬೆರಳಿಟ್ಟು ಕೇಳಿದಳು:

"ಇದು ನಂದಾ ಸಾಮೀ?"

"ಹೌದಮ್ಮ."

"ಏಮೋ, ನಂಗೆ ಗೊತ್ತಾಗಕಿಲ್ಲ. ಮಳೆ ಬಂದ್ರೆ ಪಕ್ಕದೋರ ಹೊಲದ ನೀರು ನನ್ ಹೊಲಕ್ಕೇ ಬರ್ತೈತೆ. ಇಲ್ಲಿ ನೋಡಿದ್ರೆ ನಂದೇ ಮೇಲೈತೆ. ಇಂಥಾ ಬದು ಅಲ್ಲೆಲ್ಲೈತೆ?"

ಗೆಳೆಯ ನನ್ನ ಮುಖ ನೋಡಿದ. ನಾನೇ ಹೇಳಿದೆ: "ಕಣ್ಣಿಗೆ ಹಾಗೆ ಕಾಣುತ್ತಮ್ಮ. ಇದು ಯಂತ್ರ ಇಟ್ಟು ಅಳೆದಿರೋದು. ಅಳತೆ ಸುಳ್ಳು ಹೇಳಲ್ಲ."

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. "ನೀನು ಮಕ್ಕಳಿಗೆ ಪಾಠ ಹೇಳೋನು. ನಿನ್ ಮಾತು ನಂಬ್ತೀನಿ ಬುಡು" ಎಂದು ಪಕ್ಕಕ್ಕೆ ಸರಿದಳು. ಆಮೇಲೆ ಸಾಲಾಗಿ ಬಂದು ಎಲ್ಲರೂ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಅವಳೂ ಒತ್ತಿದಳು.

ಏರಿಯ ಕೆಲಸ ಆ ಬೇಸಿಗೆಯಲ್ಲಿ ಮುಗಿಯಿತು. ಮೊದಲ ವರ್ಷ ಮಳೆ ಕಡಿಮೆ. ಕೆರೆ ಅರ್ಧವೂ ತುಂಬಲಿಲ್ಲ. ಎರಡನೆಯ ವರ್ಷ ಹಿಂಗಾರು ಜೋರಾಗಿ ಬಂದು ಕೋಡಿ ಬಿತ್ತು. ಸುದ್ದಿ ಕೇಳಿ ಸಂತೋಷದಿಂದಲೇ ಸೈಕಲ್ ಹತ್ತಿ ನೋಡಲು ಹೋದೆ. ಊರ ಹತ್ತಿರ ಹೋದಾಗ ದಾರಿ ತಪ್ಪಿತೇನೋ ಅನ್ನಿಸಿತು. ಹೊಲಗಳಿರಬೇಕಾದ ಜಾಗದಲ್ಲಿ ನೀರು. ಕಟಾವಿಗೆ ಬಂದಿದ್ದ ರಾಗಿಯ ತೆನೆಗಳ ತುದಿ ಮಾತ್ರ ಅಲ್ಲಲ್ಲಿ ಮೇಲೆ ಕಾಣುತ್ತಿತ್ತು.

ದಡದಲ್ಲಿ ಜನ ನಿಂತಿದ್ದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಉಸಿರಾಡಬಹುದಿತ್ತು. ಆ ಮುದುಕಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನೀರಿನಲ್ಲಿ ನಿಂತು ಸಿಕ್ಕಷ್ಟು ತೆನೆ ಮುರಿದು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಕೈ ನಿಲ್ಲಿಸಿದಳು.

"ಆ ಹಲಗೆ ಮ್ಯಾಲೆ ನೀರು ಬರ್ನಿಲ್ಲ. ಇಲ್ಲಿ ಬಂತು. ಯಾವ್ದು ಸರಿ ಸಾಮೀ?"

ಅವಳು ಮತ್ತೆ ತೆನೆ ಮುರಿಯತೊಡಗಿದಳು.

ತಪ್ಪು ನನ್ನದೇ ಎಂದು ನಂಬಿಕೊಂಡೇ ವಾಪಸು ಬಂದೆ. ಎಲ್ಲೋ ಒಂದು ಹಲಗೆ ಹೆಚ್ಚು ಅಂಟಿಸಿದ್ದೇನೆ, ಅಂಕಿ ಓದುವಾಗ ಕಣ್ಣು ತಪ್ಪಿದೆ. ಅವತ್ತು ವಾಪಸು ತಂದಿದ್ದ ಮಾದರಿ ಶಾಲೆಯಲ್ಲೇ ಇತ್ತು. ಉಸ್ತಾದರನ್ನು ಕರೆಸಿ, ಅಂಚಿನಲ್ಲಿ ಕಾಣುವ ಹಲಗೆಗಳನ್ನು ಒಂದೊಂದಾಗಿ ಎಣಿಸಿ, ಗೆಳೆಯನ ಕಾಗದದ ಜೊತೆ ಹೋಲಿಸಿದೆವು. ಎರಡು ಸಲ ಎಣಿಸಿದೆವು. ಒಂದೇ ಒಂದು ಕಡೆಯೂ ತಪ್ಪಿರಲಿಲ್ಲ.

"ನಮ್ಮ ಕೈ ಸರಿಯಾಗೈತೆ ಮೇಷ್ಟ್ರೇ," ಉಸ್ತಾದರು ಕನ್ನಡಕ ತೆಗೆದು ಒರೆಸಿಕೊಂಡರು. "ಕಾಗದ ನೋಡಬೇಕು ಈಗ."

"ಕಾಗದ ಅವನ ಕೈಬರಹ ಉಸ್ತಾದ್."

"ಅದಕ್ಕೇ ಹೇಳ್ತಿದೀನಿ."

ಮಾರನೇ ದಿನ ಇಬ್ಬರೂ ಹೋದೆವು. ತುಂಬಿದ ಕೆರೆಯ ನೀರು ಎಲ್ಲ ಕಡೆಯೂ ಒಂದೇ ಮಟ್ಟ, ಬೇರೆ ಯಂತ್ರ ಬೇಕಾಗಿರಲಿಲ್ಲ. ಅಡಿಗಳನ್ನು ಗುರುತು ಮಾಡಿದ ಬಿದಿರಿನ ಗಳವನ್ನು ಹಿಡಿದು ನೀರಿಗಿಳಿದೆವು. ಕೆರೆಯ ಸುತ್ತ ಬೇರೆಲ್ಲ ಕಡೆ ನೀರಿನಂಚು ಮಾದರಿಯಲ್ಲಿ ಎಲ್ಲಿತ್ತೋ ಅಲ್ಲೇ ಇತ್ತು. ಆ ಹನ್ನೊಂದು ಹೊಲಗಳಲ್ಲಿ ಮಾತ್ರ ನೆಲ ಕಾಗದದ ಅಂಕಿಗಿಂತ ಕೆಳಗಿತ್ತು. ಮೊದಲ ಹೊಲದಲ್ಲಿ ಮೂರು ಅಡಿ ವ್ಯತ್ಯಾಸ. ಎರಡನೆಯದರಲ್ಲೂ ಮೂರು ಅಡಿ. ಐದನೆಯ ಹೊಲಕ್ಕೆ ಬರುವಷ್ಟರಲ್ಲಿ ನನಗೆ ಅರ್ಥವಾಗಿತ್ತು. ಕೈತಪ್ಪಿ ಆಗುವ ತಪ್ಪು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇರುತ್ತದೆ. ಇದು ಯಾರೋ ಕೂತು ಪ್ರತಿ ಅಂಕಿಗೂ ಮೂರು ಸೇರಿಸಿದ್ದು. ಆದರೂ ಹನ್ನೊಂದನ್ನೂ ಅಳೆದೆ. ಕೊನೆಯದಾದರೂ ಬೇರೆ ಬರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಬೆಳಗಿನ ರೈಲು ಹಿಡಿದು ಕೋಲಾರಕ್ಕೆ ಹೋದೆ. ಗೆಳೆಯ ತನ್ನ ಮನೆಯ ಜಗಲಿಯಲ್ಲಿ ಕ್ಷೌರ ಮಾಡಿಕೊಳ್ಳುತ್ತಿದ್ದ. ನಾನು ಕಾಗದ ಮುಂದೆ ಹಿಡಿದು ಪಕ್ಕದಲ್ಲಿ ನಾನು ಬರೆದುಕೊಂಡಿದ್ದ ಅಂಕಿಗಳನ್ನಿಟ್ಟೆ. ಅವನು ಓದಿ, ಕತ್ತಿಯನ್ನು ನೀರಿನಲ್ಲಿ ಅದ್ದಿ ತೊಳೆದ.

"ನೀನು ಅಳೆಯೋಕೆ ಹೋಗ್ತೀಯ ಅಂತ ನಾನು ಅಂದ್ಕೊಂಡಿರ್ಲಿಲ್ಲ."

ಅವನು ಅಲ್ಲ ಅನ್ನುತ್ತಾನೆ, ರೇಗುತ್ತಾನೆ, ಏನೋ ಒಂದು ವಿವರಣೆ ಕೊಡುತ್ತಾನೆ ಎಂದು ದಾರಿಯುದ್ದಕ್ಕೂ ಕಾಯುತ್ತಾ ಬಂದಿದ್ದೆ.

"ಯಾಕೋ ಹೀಗೆ ಮಾಡ್ದೆ?"

"ಕೆಳಗಡೆ ಮೂರು ಊರಿಗೆ ನೀರು ಸಿಕ್ಕಿದೆ ಕಣೋ. ಹನ್ನೊಂದು ಹೊಲಕ್ಕೋಸ್ಕರ ಅದನ್ನ ಬಿಡಕ್ಕಾಗುತ್ತಾ? ಅವು ಮುಳುಗುತ್ತೆ ಅಂತ ಬರೆದಿದ್ರೆ ಕೆಲ್ಸ ಮಂಜೂರೇ ಆಗ್ತಿರ್ಲಿಲ್ಲ. ನಾನು ಇನ್ನೂ ಹತ್ತು ವರ್ಷ ಓವರ್ಸಿಯರ್ ಆಗೇ ಇರ್ತಿದ್ದೆ."

"ನನಗಾದ್ರೂ ಹೇಳ್ಬೋದಿತ್ತಲ್ಲ."

"ಹೇಳಿದ್ರೆ ನೀನು ಮಾಡ್ತಿದ್ಯಾ?"

ಅವನು ಟವಲಿನಿಂದ ಮುಖ ಒರೆಸಿಕೊಂಡು, ನನಗೆ ಸಮಾಧಾನ ಹೇಳುವವನ ಹಾಗೆ ಮೆಲ್ಲಗೆ ಹೇಳಿದ: "ಅವರು ನನ್ನ ನಕಾಶೆ ನಂಬ್ಲಿಲ್ಲ, ನನ್ನನ್ನೂ ನಂಬ್ಲಿಲ್ಲ. ನಿನ್ನ ಮುಖ ನೋಡಿ ನಂಬಿದ್ರು. ನಿಂಗೆ ನಿಜ ಗೊತ್ತಿದ್ದಿದ್ರೆ ಆ ಮುಖ ಹಾಗಿರ್ತಿತ್ತೇನೋ?"

ಈ ಮಾತಿನಲ್ಲಿ ಅವನಿಗೆ ಯಾವ ಕೆಟ್ಟತನವೂ ಕಾಣಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿದ್ದು. ನನ್ನ ಒಳ್ಳೆಯತನವನ್ನು ಅವನು ಕೋಣೆಯ ಆ ಮೂರು ವರ್ಷಗಳಲ್ಲಿ ಚೆನ್ನಾಗಿ ನೋಡಿಟ್ಟುಕೊಂಡು, ಬೇಕಾದಾಗ ಪೆಟ್ಟಿಗೆಯಿಂದ ಕೈವಾರ ತೆಗೆದ ಹಾಗೆ ತೆಗೆದು ಬಳಸಿದ್ದ. ಒಳಗಿನಿಂದ ಅವನ ಹೆಂಡತಿ "ತಿಂಡಿ ಆಯ್ತು, ಬನ್ನಿ ಇಬ್ರೂ" ಎಂದು ಕರೆದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಂದೆ.

ಹದಿನೈದು ದಿನ ಏನೂ ಮಾಡಲಿಲ್ಲ. ಅವನ ಮೇಲೆ ಬರೆದರೆ ಅವನ ಕೆಲಸ ಹೋಗಬಹುದು. ನನ್ನ ತಾಯಿಯ ಕರ್ಮದಲ್ಲಿ ನೀರು ಸೇದಿದ ಕೈ ಅದು. ಹೆಂಡತಿಯ ಹತ್ತಿರ ಇದನ್ನು ಹೇಳಿಕೊಂಡಾಗ ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ಆ ಅಜ್ಜಿ ಹೆಬ್ಬೆಟ್ಟು ಒತ್ತಿದ್ದು ನಿಮ್ಮ ಮಾತಿಗೆ. ನಿಮ್ಮ ಗೆಳೆಯರು ಮಾಡಿದ್ದನ್ನ ಅವರು ನೋಡಿಕೊಳ್ಳಲಿ. ನಿಮ್ಮ ಮಾತನ್ನ ನೀವು ವಾಪಸ್ ತಗೋಬೇಕಲ್ವಾ?" ಎಂದಳು.

ಉಸ್ತಾದರೂ ನಾನೂ ಕೂತು ಮಾದರಿಯಲ್ಲಿ ಆ ಪಟ್ಟಿಯ ಮೇಲಿನ ಮೂರು ಹಲಗೆಗಳನ್ನು ಉಳಿಯಿಂದ ಎಬ್ಬಿಸಿ ತೆಗೆದೆವು. ಮತ್ತೆ ಗಾರೆ ಸವರಿ, ಮೇಣ ಹಚ್ಚಿ, ಗಾಡಿಗೆ ಹಾಕಿ ಕೋಲಾರಕ್ಕೆ ಹೊಡೆಸಿದೆವು. ಮುದುಕಿಯನ್ನೂ ಇನ್ನಿಬ್ಬರು ರೈತರನ್ನೂ ಕರೆದೆ. ರೈತರಿಬ್ಬರು ಬಂದರು. ಅವಳು ಬರಲಿಲ್ಲ. "ಇನ್ನೊಂದು ಕಿತ ಆ ಬೊಂಬೆ ನೋಡಾಕೆ ನಾ ಬರಾಕಿಲ್ಲ" ಎಂದು ಹೇಳಿ ಕಳಿಸಿದ್ದಳು.

ಗೆಳೆಯನ ಮೇಲಿನ ದೊಡ್ಡ ಇಂಜಿನಿಯರು ನಮ್ಮನ್ನು ಎರಡು ದಿನ ಹೊರಗೆ ಕೂರಿಸಿ, ಮೂರನೆಯ ದಿನ ಅಂಗಳಕ್ಕೆ ಬಂದರು. ಮೊದಲು ನನ್ನ ಅರ್ಜಿ ಓದಿದರು. ಅದರಲ್ಲಿ ನಾನೇ ಹಳ್ಳಿಯವರಿಗೆ ಸುಳ್ಳು ಮಾದರಿ ತೋರಿಸಿದೆ ಎಂದು ಬರೆದಿದ್ದೆ. ಆಮೇಲೆ ನೀರು ಹುಯ್ಯಲು ಹೇಳಿದರು. ನೀರು ಏರಿ, ಹನ್ನೊಂದು ಹೊಲಗಳ ಮೇಲೆ ಹರಡಿತು. ಗೆಳೆಯ ಕಂಬದ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಇಂಜಿನಿಯರು ಅವನಿಗೆ ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿ ಒಳಗೆ ಹೋದರು.

ಮುಂದಿನ ಬೇಸಿಗೆಯಲ್ಲಿ ಕೋಡಿಯನ್ನು ಎರಡು ಅಡಿ ಒಡೆದು ತಗ್ಗಿಸಿದರು. ಹನ್ನೊಂದರಲ್ಲಿ ಏಳು ಹೊಲ ಮೇಲೆದ್ದವು, ನಾಲ್ಕು ಏಳಲಿಲ್ಲ. ಮುದುಕಿಗೆ ಒಂದು ಸಿಕ್ಕಿತು, ಒಂದು ಹೋಯಿತು. ಸಿಕ್ಕಿದ್ದರಲ್ಲೂ ಎರಡು ವರ್ಷ ಜೊಂಡು ಬಿಟ್ಟು ಬೇರೇನೂ ಬರಲಿಲ್ಲ. ಒಮ್ಮೆ ಸಂತೆಯಲ್ಲಿ ಸಿಕ್ಕಾಗ ನಾನು ನಿಂತೆ, ಅವಳು ನಿಲ್ಲಲಿಲ್ಲ. ಆ ಊರಿನ ಮಕ್ಕಳು ನಮ್ಮ ಶಾಲೆಗೆ ಬರುವುದನ್ನೇನೂ ಬಿಡಲಿಲ್ಲ. ಆದರೆ ನಾನು ಬೋರ್ಡಿನ ಮೇಲೆ ಗೆರೆ ಎಳೆದು ಇದು ಆರು ಅಂಗುಲ ಎಂದರೆ, ಅವರಲ್ಲಿ ಒಬ್ಬರಾದರೂ ಎದ್ದು ಬಂದು ಅಳೆದು ನೋಡುತ್ತಿದ್ದರು. ನಾನು ಬೇಡ ಅನ್ನುತ್ತಿರಲಿಲ್ಲ.

ಗೆಳೆಯನ ಕೆಲಸ ಹೋಗಲಿಲ್ಲ. ದೂರದ ಒಂದು ಜಿಲ್ಲೆಗೆ ವರ್ಗವಾಯಿತು. ಅಲ್ಲಿ ಬಡ್ತಿಯೂ ಸಿಕ್ಕಿತು ಎಂದು ಯಾರೋ ಹೇಳಿದರು.

ಯುದ್ಧ ಮುಗಿಯುವ ಹೊತ್ತಿಗೆ ನನಗೂ ಮಾಲೂರಿಗೆ ವರ್ಗವಾಗಿತ್ತು. ಒಂದು ಸಂಜೆ ಯಾರನ್ನೋ ಹತ್ತಿಸಲು ಸ್ಟೇಷನ್ನಿಗೆ ಹೋಗಿದ್ದೆ. ಬೆಂಗಳೂರಿಗೆ ಹೋಗುವ ಗಾಡಿ ಬಂದು ನಿಂತಿತು. ಎರಡನೇ ತರಗತಿಯ ಡಬ್ಬಿಯ ಕಿಟಕಿಯಿಂದ ಯಾರೋ "ಲೇ!" ಎಂದು ಕೂಗಿದರು. ಅವನೇ. ಸ್ವಲ್ಪ ದಪ್ಪಗಾಗಿದ್ದ. ಇಳಿದು ಬಂದು ಭುಜದ ಮೇಲೆ ಕೈ ಹಾಕಿದ.

"ಎಷ್ಟು ವರ್ಷ ಆಯ್ತೋ! ಈಗ್ಲೂ ರೈಲು, ಮನೆ ಎಲ್ಲ ಮಾಡ್ತೀಯಾ?"

"ಇಲ್ಲ."

"ಬಿಡಬಾರದಾಗಿತ್ತು ಕಣೋ. ಎಂಥಾ ಕೈ ನಿಂದು!"

ಅವನು ನಿಜವಾಗಿಯೂ ಬೇಜಾರಿನಿಂದಲೇ ಹೇಳಿದ. ಕೆರೆಯ ಮಾತು ಎತ್ತಲಿಲ್ಲ. ಮರೆತಿದ್ದನೋ, ಅಥವಾ ಅದು ಇಬ್ಬರ ನಡುವೆ ಆಗಿಹೋದ ಒಂದು ಸಣ್ಣ ಜಗಳ ಎಂದು ತಿಳಿದಿದ್ದನೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಕಾಫಿ ಮಾರುವವನನ್ನು ಕರೆದು ಎರಡು ಲೋಟ ತೆಗೆದುಕೊಂಡ. ಒಂದನ್ನು ನನ್ನ ಕೈಗೆ ಕೊಟ್ಟ. ಬೇಡ ಎನ್ನಬೇಕಿತ್ತು. ಕೇಳಬೇಕಾದ್ದನ್ನು ಅಲ್ಲೇ, ಅಷ್ಟು ಜನರ ಎದುರಿಗೇ ಕೇಳಿಬಿಡಬೇಕಿತ್ತು. ಆದರೆ ಗಾಡಿ ಹೊರಡುವುದರಲ್ಲಿತ್ತು, ಕಾಫಿ ಬಿಸಿಯಿತ್ತು, ಅವನು ನಗುತ್ತಾ ನಿಂತಿದ್ದ. ನಾನು ಊದಿ ಊದಿ ಪೂರ್ತಿ ಕುಡಿದು ಲೋಟ ವಾಪಸು ಕೊಟ್ಟೆ. ಅವನು ಹತ್ತಿದ ಮೇಲೆ ಕೈಯನ್ನೂ ಬೀಸಿದೆ.